ಹುಳಿ ತಿಂದ ಅರಿವೆ

ಮೊನ್ನೆ ತಂದ ಮಾತ್ರೆಯ ಡಬ್ಬಿಯ ಮೇಲೆ ‘ಮ್ಯಾಲೇಟ್’ ಎಂದಿತ್ತು. ರಸಾಯನಶಾಸ್ತ್ರ ಓದುವ ಮಗಳು, “ಮ್ಯಾಲಿಕ್ ಆಮ್ಲದ ಲವಣ ಅಪ್ಪಾ. ಕಡ್ಲಿ ಗಿಡದ ಹುಳಿಯಾಗೂ ಅದ ಆಮ್ಲ ಐತಿ” ಎಂದಳು. ನಾಲಿಗೆ ಜುಮ್ಮೆಂದಿತು.

ನಾನು ಹುಡುಗನಿದ್ದಾಗ ನಮ್ಮೂರಾದ ದೇವಣಗಾಂವದಲ್ಲಿ ಚಳಿಗಾಲದ ನಸುಕಿಗೆ ಅಜ್ಜಿ ಕಡಲೆ ಹೊಲಕ್ಕೆ ಹೋಗಿ, ಗಿಡಗಳ ಮೇಲೆ ಬಿಳಿ ಅರಿವೆ ಎಳೆದು, ಇಬ್ಬನಿಯ ಜೊತೆ ಬಂದ ಹುಳಿಯನ್ನು ಬಾಟಲಿಗೆ ಹಿಂಡುತ್ತಿದ್ದಳು. ಹೊಟ್ಟೆನೋವಿಗೆ ಅದೇ ಮದ್ದು.

ಒಂದು ವರ್ಷ ಅವಳ ಕಾಲು ಉಳುಕಿ, ಹೊಲಕ್ಕೆ ಹೋಗಲಾಗದೆ ಬಾಟಲಿ ಬರಿದಾಗಿತ್ತು. ನಾನು ಹೊಟ್ಟೆ ಹಿಡಿದುಕೊಂಡು ಹೊರಳಾಡುತ್ತಿದ್ದಾಗಲೇ ಹುಳಿ ಮಾರುವವನೊಬ್ಬ ಓಣಿಗೆ ಬಂದ. ಅಜ್ಜಿ ಅವನ ಬಾಟಲಿಯನ್ನು ಮೂಸಲೂ ಇಲ್ಲ.

“ನಿನ್ನ ಅರಿವಿ ತೋರ್ಸಪಾ.”

“ಹುಳಿ ತಗೋರಿ ಅಮ್ಮಾರ, ಅರಿವಿ ಯಾಕ್ರಿ?”

“ತೋರ್ಸು ಅಂದ್ನಿ.”

ಅವನು ಚೀಲದಿಂದ ತೆಗೆದ ಅರಿವೆ ಮಡಿಕೆಯೂ ಮಾಸದೆ ಬೆಳ್ಳಗಿತ್ತು. ಅಜ್ಜಿ ಒಳಗಿನಿಂದ ತನ್ನದನ್ನು ತಂದು ಅವನ ಮುಖದ ಮುಂದೆ ಹಿಡಿದಳು. ಅದು ಜರಡಿಯಂತೆ ತೂತುಬಿದ್ದಿತ್ತು.

“ಹುಳಿ ಅರಿವಿ ತಿಂತೈತಿ. ನಿಂದು ಅಂಗಡ್ಯಾಗಿನ ಲಿಂಬಿ ಉಪ್ಪಿನ ನೀರು. ನಡಿ ಇಲ್ಲಿಂದ!”

ಆ ದಿನವೆಲ್ಲ ನಾನು ನೋವು ತಿಂದೆ.

ಮೊನ್ನೆ ಔಷಧದ ಅಂಗಡಿಯವನು, “ಅಸಲಿ ಮಾಲ್ ಐತ್ರಿ ಸರ” ಎಂದಿದ್ದ. ಅವನ ಅಂಗಿ ಇಸ್ತ್ರಿ ಹಾಕಿ ಬೆಳ್ಳಗಿತ್ತು. ಡಬ್ಬಿಯನ್ನು ನಾನಿನ್ನೂ ತೆರೆದಿಲ್ಲ.