ಹಂದಿಬೇಟೆಯ ಚಿತ್ರದಲ್ಲಿ ನಿಂತವನು

ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಕೆಲಸದಿಂದ ನಿವೃತ್ತನಾದ ಮೇಲೆ ಊರಿಗಾಂನ ಮನೆಯಲ್ಲೇ ಕೂತು ಹಳೆಯ ಜಲವರ್ಣ ಚಿತ್ರಗಳ ನಕಲು ಬರೆದುಕೊಡುತ್ತಿದ್ದೇನೆ. ಹೋದ ಚಳಿಗಾಲದಲ್ಲಿ ಬಂಗಾರಪೇಟೆಯ ಗಿರಾಕಿಯೊಬ್ಬರು ರಾಜಸ್ಥಾನದ ಬೇಟೆಚಿತ್ರವೊಂದರ ಫೋಟೊ ಕೊಟ್ಟು, ಅಂಥದ್ದೇ ಬೇಕೆಂದರು. ಕುದುರೆಯ ಮೇಲೆ ಈಟಿ ಹಿಡಿದ ರಾಜ, ಜೊಂಡಿನಿಂದ ನುಗ್ಗಿ ಬರುವ ಕಾಡುಹಂದಿ, ಅದರ ಎದುರಿಗೇ ತಮಟೆ ಹಿಡಿದು ನಿಂತ ಒಬ್ಬ ಆಳು. ಮೂಲದಲ್ಲಿ ಆ ಆಳಿನ ಮುಖದ ಬಣ್ಣ ಉದುರಿಹೋಗಿತ್ತು. ನಾನೇ ಒಂದು ಮುಖ ಕಲ್ಪಿಸಿ ಬರೆದೆ: ಅಗಲ ಹಣೆ, ಇನ್ನೂ ಸರಿಯಾಗಿ ಮೂಡದ ಮೀಸೆ.

ನಮಗೆ ಹಾಲು ಹಾಕುವ ಅಜ್ಜಿ ಒಂದು ಬೆಳಿಗ್ಗೆ ಪಾತ್ರೆಗೆ ಕಾಯುತ್ತಾ ಕೋಣೆಯೊಳಗೆ ಇಣುಕಿದರು. ಚಿತ್ರದ ಹತ್ತಿರ ಬಂದವರು ಕದಲಲಿಲ್ಲ.

"ಮೇಷ್ಟ್ರೇ, ನಮ್ಮಣ್ಣನ್ನ ನೀವೆಲ್ಲಿ ನೋಡಿದ್ರಿ?"

ನಾನು ನೋಡಿರಲಿಲ್ಲ. ಅಜ್ಜಿ ಚಿಕ್ಕವರಿದ್ದಾಗ ಪಟ್ಟಣದಿಂದ ಯಾರೋ ಕೋವಿ ತಂದು ಅವರ ಹಳ್ಳಿಗೆ ಹಂದಿಬೇಟೆಗೆ ಬಂದಿದ್ದರಂತೆ. ಪೊದೆ ಬಡಿದು ಹಂದಿ ಎಬ್ಬಿಸಲು ಊರಿನ ಹರೆಯದವರನ್ನು ಕರೆದುಕೊಂಡು ಹೋದರಂತೆ. ಅಣ್ಣನನ್ನು ಮಂಚದ ಮೇಲೆ ಹೊತ್ತು ತಂದರು.

"ಅಂದಿ ತಿವಿದಿತ್ತು. ಮಕಕ್ಕೆ ಬಟ್ಟೆ ಮುಚ್ಚಿದ್ರು. ನಮ್ಮವ್ವ ನಂಗೆ ನೋಡಾಕೇ ಬಿಡ್ಲಿಲ್ಲ. ಇವತ್ತು ನೋಡ್ದೆ," ಎಂದರು. ಹಂದಿಯ ಕಡೆ ಬೆರಳು ತೋರಿಸಿ, "ಇವನ್ನ ಅಲ್ಲಿಂದ ಎತ್ಬಿಡಿ ಮೇಷ್ಟ್ರೇ. ಅದ್ರ ಮುಂದೆ ನಿಲ್ಲಿಸ್ಬ್ಯಾಡಿ" ಎಂದರು.

ನಾನು ಇಲ್ಲವೆನ್ನಲಾರದೆ ಹೋದೆ. ಒದ್ದೆ ಕುಂಚದಿಂದ ಬಣ್ಣ ನೆನೆಸಿ, ಬಟ್ಟೆಯಿಂದ ಒತ್ತಿ ಒತ್ತಿ ತೆಗೆದೆ. ಹಂದಿಗೆ ಎಟುಕದಂತೆ ಅವನನ್ನು ಮೇಲ್ಗಡೆಯ ಬಂಡೆಯೊಂದರ ಮೇಲೆ ಹೊಸದಾಗಿ ಬರೆದೆ. ಖಾಲಿಯಾದ ಜಾಗಕ್ಕೆ ಹುಲ್ಲಿನ ಹಸಿರು ಬಳಿದೆ. ಒಣಗಿದಾಗ ಆ ಹುಲ್ಲಿನ ನಡುವೆ ಅವನ ಆಕಾರ ಮಸುಕಾಗಿ ಎದ್ದು ಬಂದಿತ್ತು. ಕಾಗದ ಕುಡಿದ ಬಣ್ಣ ಪೂರ್ತಿ ಹೋಗುವುದಿಲ್ಲವೆಂದು ಮಕ್ಕಳಿಗೆ ಎಷ್ಟೋ ಸಲ ಹೇಳಿಕೊಟ್ಟವನು ನಾನು. ಆದರೂ ಇನ್ನೊಮ್ಮೆ ಹಸಿರು ಬಳಿದೆ. ಮತ್ತೆ ಬಂದ.

ಮರುದಿನ ಬಂಡೆಯ ಮೇಲಿದ್ದವನನ್ನು ಕಂಡು ಅಜ್ಜಿಯ ಮುಖ ಅರಳಿತು. ಆಮೇಲೆ ಕಣ್ಣು ಕೆಳಗೆ ಹುಲ್ಲಿಗಿಳಿಯಿತು.

"ಇಲ್ಲೂ ನಿಂತವ್ನೆ."

"ಎಷ್ಟು ಬಳಿದರೂ ಹೋಗ್ತಿಲ್ಲ ಅಜ್ಜಿ," ಎಂದೆ.

"ಓಗಲ್ಲ ಬಿಡಿ. ನಮ್ಮವ್ವ ಸಾಯೋಗಂಟ ಅವನ್ಗೆ ತಟ್ಟೆ ಇಕ್ತಿದ್ಲು."

ಚಿತ್ರ ನೀವೇ ಇಟ್ಟುಕೊಳ್ಳಿ ಎಂದರೆ ಒಪ್ಪಲಿಲ್ಲ. "ಮನೇಗೆ ಬ್ಯಾಡ. ಅಂದಿ ಐತಲ್ಲ ಅದ್ರಾಗೆ."

ಗಿರಾಕಿಗೆ ಅದೇ ಬೇಟೆಯ ಇನ್ನೊಂದು ಚಿತ್ರ ಬರೆದೆ. ಆಳಿನ ಮುಖಕ್ಕೆ ಬಂದಾಗ ಕೈ ಓಡಲಿಲ್ಲ. ಬೆನ್ನು ನಮ್ಮ ಕಡೆಗಿರುವಂತೆ ಬರೆದು ಮುಗಿಸಿದೆ. ಗಿರಾಕಿ ಅದನ್ನೇ ಒಪ್ಪಿ ಕೊಂಡುಹೋದರು. ಮೊದಲಿನದು ನನ್ನ ಕೋಣೆಯ ಗೋಡೆಯ ಮೇಲಿದೆ. ಅಜ್ಜಿ ಹಾಲು ಹುಯ್ದ ಮೇಲೆ ಒಳಗೆ ಬಂದು ಒಂದು ಗಳಿಗೆ ನಿಲ್ಲುತ್ತಾರೆ. ಬಂಡೆಯ ಮೇಲಿನವನನ್ನಲ್ಲ, ಹುಲ್ಲಿನಲ್ಲಿರುವವನನ್ನೇ ನೋಡುತ್ತಾರೆ.

ಆ ಗೋಡೆಗೆ ಬೆನ್ನು ಹಾಕಿ ಕೆಲಸಕ್ಕೆ ಕೂರುವುದನ್ನು ನಾನು ಬಿಟ್ಟಿದ್ದೇನೆ.