ಜೇನಿನ ಬಾಣಂತನ

ಮೊನ್ನೆ ಗುಂಡ್ಲುಪೇಟೆಯಲ್ಲಿ ಪಟಕ್ಕೆ ಕಟ್ಟು ಹಾಕುವ ಸಾಬರು ನಾನು ಕೊಟ್ಟ ಹಳೇ ಗಾಜನ್ನು ಬಿಸಿಲಿಗೆ ಹಿಡಿದರು. ಅಂಚಿಗೆ ಅಂಟಿದ್ದ ಮೇಣ ಮೆತ್ತಗಾಗಿ ಘಮ್ಮೆಂದಿತು. ಅಷ್ಟೇ ಸಾಕಾಯಿತು ನೋಡಿ, ಅಂಗಡಿ, ಬೀದಿ, ಬಸ್ಸಿನ ಹಾರನ್ನು ಎಲ್ಲ ಹಿಂದೆ ಸರಿದು, ಹಂಗಳದ ನಮ್ಮ ಹೆಂಚಿನ ಮನೆ, ಅದರ ಮೂಲೆಯ ಕತ್ತಲ ಕೋಣೆ, ಕಂಬಳಿಯೊಳಗಿಂದ ಬರುತ್ತಿದ್ದ ಆ ಗುಂಯ್ ಸದ್ದು ಎದುರಿಗೆ ಬಂದು ನಿಂತವು.

ನಮ್ಮ ತಾತ ಹಿತ್ತಲಲ್ಲಿ ಜೇನುಪೆಟ್ಟಿಗೆ ಇಟ್ಟಿದ್ದ. ಅಜ್ಜಿಗೋ ಹುಳ ಅಂದರೆ ಎದೆನಡುಕ. ಪೆಟ್ಟಿಗೆ ತೆರೆದ ದಿನ ಅಡುಗೆಮನೆ ಬಿಟ್ಟು ಹೊರಗೇ ಬರುತ್ತಿರಲಿಲ್ಲ. ಆದರೆ ತಾತ ಊಟಕ್ಕೆ ಕೂತರೆ ಬರೀ ರಾಣಿ ಹುಳದ ಬಡಾಯಿ. ಒಂದು ದಿನ ಅಜ್ಜಿ ಮುದ್ದೆ ಇಕ್ಕುತ್ತಾ ಅಂದೇಬಿಟ್ಟಳು: "ರಾಣಿ ರಾಣಿ ಅಂತ ಕುಣೀತೀರಿ, ನನ್ ಕಣ್ಗೊಂದಿನ ತೋರ್ಸಿದ್ದೀರಾ? ಸುಳ್ ಬುಡಿ." ತಾತನಿಗೆ ಅದು ನಾಟಿತು. ಇವಳಿಗೆ ರಾಣಿಯನ್ನು ತೋರಿಸಲೇಬೇಕೆಂದು ಹಟ ಹಿಡಿದ. ಮುರಿದ ಕಿಟಕಿಯ ಹಲಗೆ ಬಿಚ್ಚಿ, ಒಂದೇ ಎರಿ, ಅಂದರೆ ಒಂದೇ ಜೇನುತಟ್ಟಿ, ಹಿಡಿಸುವಷ್ಟು ತೆಳ್ಳನೆ ಗೂಡು ಜೋಡಿಸಿದ. ಹಿಂದಕ್ಕೆ ಹಲಗೆ ಆಯಿತು, ಮುಂದಕ್ಕೆ ಗಾಜು ಬೇಕಲ್ಲ? ದುಡ್ಡು ಕೊಟ್ಟು ತರುವ ಜನವೇ ನಾವು? ಗೋಡೆ ಮೇಲಿದ್ದ ಅವರಿಬ್ಬರ ಮದುವೆ ಪಟದ ಗಾಜನ್ನೇ ಕಳಚಿಕೊಂಡ.

"ಅಯ್ಯಯ್ಯೋ, ನನ್ ಮದ್ವೆ ಪಟನೇ ಬೇಕಿತ್ತಾ ನಿಮ್ಗೆ?"

"ಗಾಜ್ ಮಾತ್ರ ಕಣಮ್ಮಿ. ಗಂಡ ಅಲ್ಲೇ ಅವ್ನೆ, ನೋಡ್ಕೊ."

ತುಡುವೆ ಜೇನು ಕೂತ ಎರಿಯೊಂದನ್ನು ರಾಣಿ ಸಮೇತ ಒಳಗಿಳಿಸಿ, ಗಾಜಿನ ಸಂದಿಗೆಲ್ಲ ಮೇಣ ಮೆತ್ತಿ, ತಾತ ಗೂಡನ್ನು ಜಗಲಿ ಮೇಲೆ ಬಿಸಿಲಿಗೆ ಎದುರಾಗಿ ಇಟ್ಟ. ಊರೆಲ್ಲ ನೋಡಲಿ ಅಂತ! ಊರೂ ಬಂತು. ಗಾಜಿಗೆ ಮೂಗೊತ್ತಿ "ಟಿವಿ ಇದ್ದಂಗದೆ ಕಣ್ಲಾ" ಎಂದಿತು. ಮಧ್ಯಾಹ್ನದ ಹೊತ್ತಿಗೆ ಗಾಜು ಕಾದು, ಹುಳಗಳು ಗಾಬರಿಯಿಂದ ಹೊರನುಗ್ಗಿ ಗೂಡಿನ ಬಾಗಿಲಲ್ಲಿ ಗೊಂಚಲುಗಟ್ಟಿದವು. ತಾತನ ಮುಖ ಇಳಿಯಿತು. "ಓಯ್ತವೆ ಕಣ ಮಗಾ, ಬುಟ್ ಓಯ್ತವೆ" ಎಂದು ನನ್ನ ಕೈ ಹಿಡಿದ.

ಆಗ ಹೊರಗೆ ಬಂದಳು ನೋಡಿ ಅಜ್ಜಿ, ಸೆರಗನ್ನು ತಲೆಗೆ ಬಿಗಿದು. "ಒಳ್ಗೆ ಮೊಟ್ಟೆ ಮರಿ ಅವೆ ಅಂತೀರಿ. ಬಾಣಂತೀನ ಬಿಸ್ಲಲ್ ಕೂರ್ಸಿ ಊರ್ಗೆಲ್ಲ ತೋರ್ಸ್ತಾರಾ? ಎತ್ತಿ, ಒಳಕ್ಕೆ ತನ್ನಿ!" ನಮ್ಮಮ್ಮ ನನ್ನನ್ನು ಹೆತ್ತು ಮಲಗಿದ್ದ ಕತ್ತಲ ಕೋಣೆಗೇ ಗೂಡು ಹೋಯಿತು. ಗೋಡೆಯ ಗವಾಕ್ಷಿಗೆ ತಾತ ಗೂಡಿನ ಬಾಗಿಲು ಹೊಂದಿಸಿದ. ನಾನು ಕೂಸಾಗಿದ್ದಾಗ ಹೊದಿಸುತ್ತಿದ್ದ ಕಂಬಳಿಯನ್ನು ಅಜ್ಜಿ ಗಾಜಿನ ಮೇಲೆ ಇಳಿಬಿಟ್ಟಳು. ನೋಡಲು ಬಂದವರು ಕಾಲು ತೊಳೆದೇ ಒಳಗೆ ಬರಬೇಕು, ಜೋರಾಗಿ ಮಾತಾಡುವಂತಿಲ್ಲ. ಸಂಜೆಗೆ ಹುಳಗಳು ಒಂದೊಂದಾಗಿ ಒಳಸರಿದವು.

ಬೆಳಗ್ಗೆ ಅಜ್ಜಿ ಕಂಬಳಿಯ ಅಂಚೆತ್ತಿ ಇಣುಕಿದಳು. ಅವಳೇ ಮೊದಲು ಕಂಡದ್ದು: ಉದ್ದನೆ ಮೈಯ ರಾಣಿ, ಸರಿದು ದಾರಿ ಬಿಡುವ ಹುಳಗಳು. "ಅಯ್, ಎಷ್ಟ್ ನಿಧಾನಕ್ ನಡೀತಾಳೆ!" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ತಾತ ರಾಣಿಯನ್ನು ನೋಡಲೇ ಇಲ್ಲ, ಅಜ್ಜಿಯನ್ನೇ ನೋಡುತ್ತಿದ್ದ.

ಈಗ ಆ ಮನೆಯಿಲ್ಲ, ಅವರಿಬ್ಬರೂ ಇಲ್ಲ. ಗಾಜು ಮಾತ್ರ ಮತ್ತೆ ಅವರ ಮದುವೆ ಪಟಕ್ಕೆ ಕೂತಿದೆ. ಸಾಬರು ಮೇಣ ಕೆರೆಯಲು ಹೋದಾಗ "ಇರ್ಲಿ ಬುಡಿ ಸಾಬ್ರೇ" ಅಂದೆ. ಪಟ ತೂಗುಹಾಕಿರುವ ನಮ್ಮ ಗೋಡೆಗೆ ಮಧ್ಯಾಹ್ನ ಬಿಸಿಲು ಬೀಳುತ್ತದೆ. ಆ ಹೊತ್ತಿಗೆ ಎದ್ದು ಪರದೆ ಎಳೆಯುತ್ತೇನೆ.