ಸಂಘದ ಸೆಟ್ಟು, ನನ್ನ ಮೀಸೆ

ನಮ್ಮ ಭಾವ ಏಕಾಂತಯ್ಯನವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ತುರುವೇಕೆರೆಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮನೆ ಹಿಂದೆ ನಲವತ್ತು ತೆಂಗಿನ ಮರ, ತಿಂಗಳಾದರೆ ಪಿಂಚಣಿ. ತೆಪ್ಪಗೆ ಜಗಲಿ ಮೇಲೆ ಕೂತಿರಬಹುದಿತ್ತು. ಅದು ಬಿಟ್ಟು, ಚೀಲ ಹೆಗಲಿಗೇರಿಸಿಕೊಂಡು ಕಂಡಕಂಡವರ ಮನೆಯ ದೇವರ ಗೂಡಿನಲ್ಲಿ ನಾಣ್ಯ ಹುಡುಕುವ ಕೆಲಸ ಹಿಡಿದರು.

ಇದಕ್ಕೆಲ್ಲ ಮೂಲ ಒಂದು ತೆಂಗು ಬೆಳೆಗಾರರ ಸಂಘ. ಇಪ್ಪತ್ತು ವರ್ಷದ ಕೆಳಗೆ ತನ್ನ ಬೆಳ್ಳಿಹಬ್ಬಕ್ಕೆ ಸದಸ್ಯರಿಗೆಲ್ಲ ಒಂದೊಂದು ಪ್ರೂಫ್ ಸೆಟ್ ಹಂಚಿತ್ತು. ಟಂಕಸಾಲೆಯವರು ಖರ್ಚಿಗಲ್ಲ, ನೋಡಿ ಸಂತೋಷಪಡಲೆಂದೇ ಕನ್ನಡಿಯಂತೆ ಹೊಳಪು ಕೊಟ್ಟು ಡಬ್ಬಿಯಲ್ಲಿಟ್ಟ ನಾಣ್ಯಗಳು ಅವು. ಸ್ಟೀಲ್ ಬಕೆಟ್ ಕೊಡುತ್ತಾರೆಂದು ಹೋಗಿದ್ದ ಜನ ಸಂಘದವರಿಗೆ ಹಿಡಿಶಾಪ ಹಾಕಿ ಬಂದಿದ್ದರು. ಈಗ ಮುನ್ನೂರು ನಾನೂರು ಕೊಟ್ಟರೆ ಯಾರಾದರೂ ಮಾರುತ್ತಾರೆ. ಆದರೆ ಆ ವರ್ಷದ ಕೆಲವೇ ಸೆಟ್ಟುಗಳಲ್ಲಿ ಎರಡು ರೂಪಾಯಿ ನಾಣ್ಯದ ಮೇಲಿನ ಇಸವಿಯ ಕೊನೆಯ ಅಂಕಿ ಜೋಡಿಯಾಗಿ ಅಚ್ಚಾಗಿದೆಯೆಂದೂ, ಅಂಥದ್ದು ಸಿಕ್ಕರೆ ಲಕ್ಷದ ಮಾತೆಂದೂ ಭಾವ ಎಲ್ಲೋ ಓದಿಬಿಟ್ಟರು. ಅಲ್ಲಿಗೆ ನಮ್ಮಕ್ಕ ಮೀನಾಕ್ಷಮ್ಮನ ನೆಮ್ಮದಿ ಹೋಯಿತು.

ಹನ್ನೊಂದು ವರ್ಷ ಹುಡುಕಿದರು. ಬಿಳಿಗೆರೆ, ಮಾಯಸಂದ್ರ, ಒಂದು ಊರು ಬಿಡಲಿಲ್ಲ. ಹೋದಲ್ಲೆಲ್ಲ ಒಂದೇ ಕಥೆ. ನಮ್ಮ ಹೆಂಗಸರು ದುಡ್ಡನ್ನು ಸುಮ್ಮನೆ ಡಬ್ಬಿಯಲ್ಲಿ ಬಿಡುತ್ತಾರೆಯೇ? ಲಕ್ಷ್ಮಿ ಎಂದು ಮುಚ್ಚಳ ತೆಗೆದು, ಶುಕ್ರವಾರ ಶುಕ್ರವಾರ ಅರಿಶಿನ ಕುಂಕುಮ ಹಚ್ಚಿ, ಹಬ್ಬಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಿದ್ದರು. ಒಮ್ಮೆ ಮುಟ್ಟಿದರೆ ಆ ಹೊಳಪು ಸತ್ತಂತೆ. ತಿಕ್ಕಿದರಂತೂ ಅದರ ಬೆಲೆ ಎರಡೇ ರೂಪಾಯಿ. ಭಾವನಿಗೆ ಸಿಟ್ಟು ತಡೆಯುತ್ತಿರಲಿಲ್ಲ.

ಬಿಳಿಗೆರೆಯ ಶಿವರುದ್ರಮ್ಮನ ಮನೆಯಲ್ಲಿ, "ಏನ್ ತಾಯಿ, ಇದೇನು ಹಿತ್ತಾಳೆ ಚೊಂಬು ಅಂದ್ಕಂಡ್ರಾ? ಕೈ ಯಾಕ್ ಇಟ್ರಿ ಇದರ್ ಮೇಲೆ?" ಎಂದು ಕೂಗಾಡಿದರಂತೆ.

"ನಮ್ಮ ಲಕ್ಷ್ಮಿ, ನಮ್ಮ ಕೈ. ನೀನ್ಯಾವನಯ್ಯ ಕೇಳೋಕೆ? ಇನ್ನೊಂದು ಸಲ ಈ ಕಡೆ ಬಾ, ಪೊರಕೆ ತಗೋತೀನಿ" ಎಂದು ಆಕೆ ಅಂಗಳಕ್ಕಿಳಿದಳಂತೆ. ಆ ಸುದ್ದಿ ಕೇಳಿ ನಾನು ತಿಪಟೂರಿನ ನನ್ನ ಕೊಬ್ಬರಿ ಮಂಡಿಯಲ್ಲಿ ಹೊಟ್ಟೆ ಹಿಡಿದು ನಕ್ಕಿದ್ದೆ.

ನಮ್ಮಪ್ಪನಿಗೂ ಒಂದು ಸೆಟ್ಟು ಬಂದಿತ್ತು. ಬಕೆಟ್ ಸಿಗದ ಸಿಟ್ಟಿಗೆ ಅಪ್ಪ ಅದನ್ನು ಸಂಘದ ಕಾಗದ ಕೂಡ ಬಿಚ್ಚದೆ ಬೀರುವಿನ ತಳಕ್ಕೆ ಎಸೆದಿದ್ದರು. ಅಪ್ಪ ಸತ್ತ ಮೇಲೂ ಅದು ಅಲ್ಲೇ ಇತ್ತು. ಭಾವ ಮೂರು ಸಲ ಕೇಳಿದರು. "ಕೊಡೋದು ಬೇಡ ಕಣ್ಲಾ ರೇಣುಕ, ಬರೀ ತೋರ್ಸು ಸಾಕು" ಎಂದರು. ಮೂರು ಸಲವೂ ಇಲ್ಲ ಅಂದೆ. ಯಾಕೆ ಅಂದರೆ ಹೊಟ್ಟೆಯುರಿ, ಇನ್ನೇನು! ಇವರ ಮಾತು ನಿಜವಾಗಿಬಿಟ್ಟರೆ ಎಂಬ ಹೊಟ್ಟೆಯುರಿ.

ಹೋದ ವರ್ಷ ಮಾಯಸಂದ್ರದಲ್ಲಿ ನೆಂಟರ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಯಾರೋ ಭಾವನನ್ನು ಕೆಣಕಿದರು. ನನಗೂ ಬಾಯಿ ಸುಮ್ಮನಿರಲಿಲ್ಲ.

"ಅಂಥ ನಾಣ್ಯ ಒಂದೇ ಒಂದು ತೋರ್ಸಿ ಭಾವ. ಅಪ್ಪ ಸತ್ತಾಗ್ಲೂ ತೆಗೀದ ಮೀಸೆ ಇದು, ಬೋಳಿಸ್ಕೊಂಡು ನಿಮ್ಮ ಮನೆ ಬಾಗಿಲಿಗೆ ಬತ್ತೀನಿ!"

ಪಂಕ್ತಿ ಪೂರ್ತಿ ನಕ್ಕಿತು. ಅನ್ನ ಬಡಿಸುತ್ತಿದ್ದ ಅಕ್ಕ ಪಾತ್ರೆ ಅಲ್ಲೇ ಇಟ್ಟು ಒಳಗೆ ಹೋದಳು. ಭಾವ ಎಲೆ ಮಡಚಿ ಎದ್ದು, "ನಿಮ್ಮನೇಲೇ ಐತೆ ಕಣ್ಲಾ ಅದು. ಅದಕ್ಕೇ ತೋರ್ಸಕ್ಕೆ ನಿನಗೆ ಭಯ" ಎಂದರು.

ಆ ಮಾತು ನನ್ನನ್ನು ಕೊರೆಯಿತು. ಮುಂದಿನ ಸೋಮವಾರ ಡಬ್ಬಿಯನ್ನು ಮಂಡಿಗೆ ತಂದೆ. ಇಲ್ಲವೆಂದು ನಾನೇ ನೋಡಿ, ಫೋಟೊ ತೆಗೆದು ಅವರ ಮುಖಕ್ಕೆ ಹಿಡಿಯಬೇಕೆಂದಿದ್ದೆ. ಕಾಗದ ಹರಿದು, ಮುಚ್ಚಳ ಮೀಟಿ, ಎರಡು ರೂಪಾಯಿಯ ಮೇಲೆ ಮೊಬೈಲ್ ಹಿಡಿದು ದೊಡ್ಡದು ಮಾಡಿದೆ. ಇಸವಿಯ ಕೊನೆಯ ಅಂಕಿ ಜೋಡಿಯಾಗಿ ಕಂಡಿತು. ಗೀರು ಬಿದ್ದಿರಬೇಕು, ಇಲ್ಲವೇ ಕೊಳೆ ಎಂದುಕೊಂಡೆ.

ಕೊಬ್ಬರಿ ವ್ಯಾಪಾರದವನ ಕೈಗೆ ಕಣ್ಣಿನ ಮೇಲೆ ನಂಬಿಕೆಯಿಲ್ಲ. ಒಣಗಿದ ಇಡೀ ಕೊಬ್ಬರಿ ಗಿಟಕನ್ನು ಅಲ್ಲಾಡಿಸಿ, ಉಗುರಿನಿಂದ ಗೀರಿ, ಹೆಬ್ಬೆರಳಿನಿಂದ ಉಜ್ಜಿ ನೋಡಿದರೇನೇ ಅದಕ್ಕೆ ಸಮಾಧಾನ. ಮೂವತ್ತು ವರ್ಷದ ಅಭ್ಯಾಸ. ನಾನು ನಾಣ್ಯವನ್ನು ಎತ್ತಿದ್ದು, ಗೀರಿದ್ದು, ಉಜ್ಜಿದ್ದು ಯಾವಾಗ ಎಂದು ನನಗೇ ತಿಳಿಯಲಿಲ್ಲ. ಜೋಡಿ ಅಂಕಿ ಅಳಿಸಲಿಲ್ಲ. ಕನ್ನಡಿಯಂಥ ಮೈ ಮೇಲೆ ಉಗುರಿನ ಗೆರೆ, ಎಣ್ಣೆಯ ಹೆಬ್ಬೆರಳ ಗುರುತು ಮಾತ್ರ ಉಳಿದವು. ಗಾಬರಿಯಲ್ಲಿ ಪಂಚೆ ಅಂಚಿನಿಂದ ಒರೆಸಿ ಅದನ್ನು ಇನ್ನಷ್ಟು ಹಾಳು ಮಾಡಿದೆ.

ಮುಚ್ಚಿಡಬಹುದಿತ್ತು. ಮೂರು ದಿನ ಮುಚ್ಚಿಟ್ಟೆ ಕೂಡ. ನಾಲ್ಕನೇ ದಿನ ತಡೆಯಲಾರದೆ ಡಬ್ಬಿ ಹಿಡಿದು ತುರುವೇಕೆರೆಯ ಬಸ್ಸು ಹತ್ತಿದೆ.

ಭಾವ ಜಗಲಿ ಮೇಲೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನಾಣ್ಯವನ್ನು ಬೆಳಕಿಗೆ ಓರೆ ಮಾಡಿದರು. ಮುಖ ಕಪ್ಪಿಟ್ಟಿತು.

"ಯಾರ್ಲಾ ಮುಟ್ಟಿದ್ದು ಇದನ್ನ?"

"ಅಪ್ಪ ಮುಟ್ಟಿದ್ರೇನೋ ಭಾವ" ಎಂದೆ. ಬಾಯಿಂದ ಬಂದೇಬಿಟ್ಟಿತು.

ಭಾವ ನಾಣ್ಯವನ್ನು ಮೂಗಿನ ಹತ್ತಿರ ಹಿಡಿದರು. "ಮಾವ ಹೋಗಿ ಆರು ವರ್ಷ. ಎಣ್ಣೆ ವಾಸನೆ ಇನ್ನೂ ಹಸಿ ಐತೆ. ಅವ್ರು ಕಾಗದಾನೂ ಬಿಚ್ಚಿರ್ಲಿಲ್ಲ ಅಂತ ನಿಮ್ಮಕ್ಕ ನೂರು ಸಲ ಹೇಳವ್ಳೆ."

ಅಕ್ಕ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು.

"ನಾಣ್ಯ ಹಾಳಾಯ್ತು, ಹೋಗ್ಲಿ ಬುಡು" ಎಂದರು ಭಾವ. "ಸತ್ತೋರ ಮೇಲೆ ಹಾಕ್ತೀಯಲ್ಲೋ, ಥೂ! ಎದ್ದು ಹೋಗು. ಮೀಸೆ ನೀನೇ ಇಟ್ಕೋ."

ಅಕ್ಕ ಒಂದು ಲೋಟ ನೀರೂ ಕೊಡಲಿಲ್ಲ.

ಬಸ್ ನಿಲ್ದಾಣದ ಪಕ್ಕದಲ್ಲಿ ಕ್ಷೌರದ ಅಂಗಡಿ ಇತ್ತು. ಒಳಗೆ ಹೋಗಿ ಕೂತೆ. "ಪೂರ್ತೀನಾ ಸಾರ್?" ಎಂದು ಅವನು ಎರಡು ಸಲ ಕೇಳಿದ. ಹೂಂ ಅಂದೆ. ಮೂಗಿನ ಕೆಳಗೆ ತಣ್ಣಗೆ ಗಾಳಿ ಆಡಿತು. ದಾರಿಯುದ್ದಕ್ಕೂ ಟವಲ್ಲಿನಲ್ಲಿ ಬಾಯಿ ಮುಚ್ಚಿಕೊಂಡೇ ವಾಪಸ್ಸು ನಡೆದು ಭಾವನ ಮನೆಯ ಬಾಗಿಲು ಬಡಿದು, ಟವಲ್ ತೆಗೆದೆ.

ಅಕ್ಕ ತೆರೆದಳು. ನನ್ನ ಮುಖವನ್ನು ಮೇಲಿಂದ ಕೆಳಗೆ ನೋಡಿದಳು. ನಗಲಿಲ್ಲ, ಅಳಲಿಲ್ಲ, ಬಾ ಅನ್ನಲೂ ಇಲ್ಲ. ಒಳಗೆ ತಿರುಗಿ, "ಏನೂಂದ್ರೆ, ಯಾರೋ ಬಂದವ್ರೆ ನೋಡಿ" ಎಂದಳು.

ಭಾವ ನಡುಮನೆಯಿಂದ ಕತ್ತು ಚಾಚಿ, ನನ್ನನ್ನು ಚೆನ್ನಾಗಿಯೇ ನೋಡಿ, ಮತ್ತೆ ಭೂತಗನ್ನಡಿ ಕೈಗೆತ್ತಿಕೊಂಡರು.

"ಸೆಟ್ಟು ಮಾರೋರಾದ್ರೆ ಒಳಗೆ ಕರಿ" ಎಂದರು. "ಏನನ್ನೂ ಮುಟ್ಟಬೇಡ ಅಂತ ಮೊದಲೇ ಹೇಳು."